ಕ್ಯಾಂಪಿನಿಂದ ಊರಿಗೆ: ವಕೀಲರಿಗೆ ನಮ್ಮ ಗುಂಪಿನ ಪ್ರಶ್ನೆಗಳು

ಅಡ್ಮಿನ್: ಯುದ್ಧ, ಗಲಭೆಯಿಂದ ಊರು ಬಿಟ್ಟವರಿಗೆ ವಾಪಸ್ ಹೋಗುವ ಹಕ್ಕು ಇದೆಯಾ ಅಂತ ತುಂಬಾ ಜನ ಕೇಳುತ್ತಿದ್ದರು. ಸತ್ಯಮಂಗಲದ ವಕೀಲರು ಇವತ್ತು ಬಿಡುವು ಮಾಡಿಕೊಂಡಿದ್ದಾರೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮಂಜೇಶ್ವರದ ಸದಸ್ಯ: ನಮಸ್ಕಾರ ಸಾರ್. ನಮ್ಮ ತಂದೆ 1990ರಲ್ಲಿ ಕುವೈತ್ ಯುದ್ಧದ ಸಮಯದಲ್ಲಿ ಎಲ್ಲ ಬಿಟ್ಟು ಬಂದವರು. ವಿಶ್ವಸಂಸ್ಥೆ ಈಗ ಪರಿಹಾರ ಕೊಡುತ್ತಿದೆ, ಫಾರ್ಮಿಗೆ 1,500 ರೂಪಾಯಿ ಅಂತ ಮೆಸೇಜ್ ಬಂದಿದೆ. ಕಟ್ಟಬಹುದಾ?

ವಕೀಲರು: ನಮಸ್ಕಾರ. ಕಟ್ಟಬೇಡಿ. ಅದಕ್ಕೆಂದೇ 1991ರಲ್ಲಿ ಮಾಡಿದ್ದ ಆಯೋಗ 2022ರಲ್ಲಿ ಕೊನೆಯ ಹಣ ಕೊಟ್ಟು ಕೆಲಸ ಮುಗಿಸಿದೆ. ಹೊಸ ಅರ್ಜಿ ತೆಗೆದುಕೊಳ್ಳುವುದು ಅದಕ್ಕೂ ಎಷ್ಟೋ ವರ್ಷ ಮೊದಲೇ ನಿಂತಿತ್ತು.

ತಾಳವಾಡಿಯ ಸದಸ್ಯೆ: ಸಾರ್, ನಮ್ಮ ಯಜಮಾನರು 1991ರಲ್ಲಿ ಭವಾನಿಸಾಗರದ ಶ್ರೀಲಂಕಾ ತಮಿಳು ನಿರಾಶ್ರಿತರ ಕ್ಯಾಂಪಿನಲ್ಲೇ ಹುಟ್ಟಿದವರು. ಮಾವ 1990ರಲ್ಲಿ ಶ್ರೀಲಂಕಾದ ಜಾಫ್ನಾ ಹತ್ತಿರದ ತೆಲ್ಲಿಪ್ಪಳೈಯಿಂದ ದೋಣಿಯಲ್ಲಿ ಬಂದರು. ಸಾಯೋದಾದರೆ ಊರಲ್ಲೇ ಸಾಯ್ತೀನಿ ಅಂತ ದಿನಾ ಹೇಳ್ತಾರೆ. ಅಲ್ಲಿನ ಜಮೀನು ಅರ್ಧ ಸೈನ್ಯದ ಬೇಲಿಯೊಳಗಿದೆ. ಇನ್ನರ್ಧದಲ್ಲಿ ಯಾರೋ ಹೊಗೆಸೊಪ್ಪು ಬೆಳೀತಿದ್ದಾರಂತೆ. ಒಬ್ಬ ಏಜೆಂಟ್ ಮಾವ, ನಮ್ಮವರು, ನಾನು, ಆರು ವರ್ಷದ ಮಗಳು, ನಾಲ್ಕೂ ಜನರ ಹೆಸರು ಒಂದೇ ಅರ್ಜಿಯಲ್ಲಿ ಹಾಕಿ ಶ್ರೀಲಂಕಾ ಪೌರತ್ವ ಮಾಡಿಸಿ ಕಳಿಸ್ತೀನಿ ಅಂತಾನೆ. ಕೊಡಲಾ?

ವಕೀಲರು: ಕೊಡಬೇಡಿ. ಯಾವುದಕ್ಕೂ ಸಹಿ ಹಾಕಬೇಡಿ ತಾಯಿ. ಸ್ವಲ್ಪ ಇರಿ, ಉದ್ದ ಬರೆಯಬೇಕು.

ಸತ್ಯಮಂಗಲದ ಸದಸ್ಯ: ಯುದ್ಧ 2009ರಲ್ಲೇ ಮುಗೀತಲ್ಲ. ಇನ್ನೂ ಯಾಕೆ ಇಲ್ಲಿ? ಕಳಿಸಿಬಿಟ್ಟರೆ ಮುಗೀತು.

ಹೊಸೂರಿನ ಸದಸ್ಯ: ಕಳಿಸೋಕೆ ಅವರೇನು ಪಾರ್ಸೆಲ್ಲಾ ಅಣ್ಣ?

ವಕೀಲರು: ಮೊದಲು ನಿಮ್ಮ ಮಾವನ ವಿಷಯ. ತನ್ನ ದೇಶಕ್ಕೆ ಮರಳುವ ಹಕ್ಕು 1948ರ ಮಾನವ ಹಕ್ಕುಗಳ ಘೋಷಣೆಯ 13ನೇ ವಿಧಿಯಲ್ಲೇ ಇದೆ. ಅವರು ಶ್ರೀಲಂಕಾ ಪ್ರಜೆ, ಬರಬೇಡ ಅನ್ನುವ ಅಧಿಕಾರ ಆ ದೇಶಕ್ಕಿಲ್ಲ. ಆದರೆ ಹೊರಡುವ ಮೊದಲು ಚೆನ್ನೈನ ಶ್ರೀಲಂಕಾ ಡೆಪ್ಯುಟಿ ಹೈಕಮಿಷನ್‌ನಿಂದ ಪ್ರಯಾಣದ ಕಾಗದ ಬೇಕು, ನಮ್ಮ ಸರ್ಕಾರದ ಎಕ್ಸಿಟ್ ಪರ್ಮಿಟ್ ಬೇಕು. ಕ್ಯಾಂಪಿನ ಆರ್‌ಐ (ರೆವಿನ್ಯೂ ಇನ್‌ಸ್ಪೆಕ್ಟರ್), ಪೊಲೀಸರ ಗುಪ್ತಚರ ವಿಭಾಗವಾದ ಕ್ಯೂ ಬ್ರಾಂಚ್ ಇಬ್ಬರಿಗೂ ಗೊತ್ತಿರಬೇಕು. ಇದೆಲ್ಲ ಸರಿಯಾಗಿದ್ದರೂ ಒಂದು ಭಯ ಇದೆ. 2025ರಲ್ಲಿ ಹೀಗೇ ವಿಶ್ವಸಂಸ್ಥೆಯ ನೆರವಿನಲ್ಲಿ ಮರಳಿದ ಒಬ್ಬ ವೃದ್ಧರನ್ನು ಜಾಫ್ನಾದ ಪಲಾಲಿ ವಿಮಾನ ನಿಲ್ದಾಣದಲ್ಲಿ ಬಂಧಿಸಿದ್ದರು. ಹಿಂದೆ ಪಾಸ್‌ಪೋರ್ಟ್ ಇಲ್ಲದೆ ದೇಶ ಬಿಟ್ಟದ್ದೇ ತಪ್ಪು ಅಂತ! ಪ್ರಾಣ ಉಳಿಸಿಕೊಳ್ಳಲು ದೋಣಿ ಹತ್ತಿದವರ ಹತ್ತಿರ ಪಾಸ್‌ಪೋರ್ಟ್ ಎಲ್ಲಿರುತ್ತೆ? ಜಾಫ್ನಾದಲ್ಲಿ ಒಬ್ಬ ವಕೀಲರನ್ನು ಗೊತ್ತು ಮಾಡದೆ ಮಾವನನ್ನು ವಿಮಾನ ಹತ್ತಿಸಬೇಡಿ.

ವಕೀಲರು: ಇನ್ನು ಜಮೀನು. ಮನೆಯಲ್ಲಿ ಪತ್ರ ಇದೆಯಾ? ಅಲ್ಲಿಯವರು ಅದನ್ನು ಉರುದಿ ಅಂತಾರೆ.

ತಾಳವಾಡಿಯ ಸದಸ್ಯೆ: ಇದೆ ಸಾರ್. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ದೋಣಿಯಲ್ಲಿ ಬರುವಾಗ ಉಪ್ಪುನೀರು ಬಿದ್ದು ಮಡಿಕೆಯ ಜಾಗದಲ್ಲೆಲ್ಲ ಶಾಯಿ ಹರಡಿದೆ. ಚಕ್ಕುಬಂದಿ ಓದೋಕಾಗಲ್ಲ. ಮೇಲಿನ ನಂಬರು, ನೋಟರಿ ಹೆಸರು ಕಾಣಿಸುತ್ತೆ.

ವಕೀಲರು: ಸಾಕು, ತುಂಬಾ ಒಳ್ಳೆಯದಾಯ್ತು. ನಂಬರು, ತಾರೀಕು, ನೋಟರಿ ಹೆಸರು ಇದ್ದರೆ ಜಾಫ್ನಾದ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಕಲು ಹುಡುಕಿಸಬಹುದು. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹೊಗೆಸೊಪ್ಪಿನ ಕಡೆ ಅವಸರ ಇದೆ. ಅಲ್ಲಿ 10 ವರ್ಷ ಬೇರೆಯವರು ಎದುರಿಲ್ಲದೆ ಅನುಭವಿಸಿದರೆ ಜಮೀನು ತಮ್ಮದು ಅನ್ನಬಹುದು. ಯುದ್ಧದಿಂದ ಓಡಿಹೋದವರಿಗೆಂದೇ 2016ರಲ್ಲಿ ವಿಶೇಷ ಕಾಯ್ದೆ ಬಂತು, ಅದರಲ್ಲಿ ದಾವೆ ಹಾಕಲು ಎರಡೇ ವರ್ಷ ಕೊಟ್ಟಿದ್ದರು. ಅವರು ಯಾವಾಗಿಂದ ಉಳುತ್ತಿದ್ದಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಅಲ್ಲಿನ ಗ್ರಾಮಾಧಿಕಾರಿಯನ್ನು ಸಂಬಂಧಿಕರಿಂದ ಕೇಳಿಸಿ. ಸೈನ್ಯದ ಬೇಲಿಯೊಳಗಿನ ಭಾಗ ಬೇರೆ ಕಥೆ. ಅದನ್ನು ಸರ್ಕಾರ ವಶಪಡಿಸಿಕೊಳ್ಳಲು ನೋಟಿಸ್ ಹೊರಡಿಸಿದೆಯಾ ನೋಡಬೇಕು.

ಬದಿಯಡ್ಕದ ಸದಸ್ಯ: ವಿಶ್ವಸಂಸ್ಥೆಗೆ 100 ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಕಳಿಸಿದರೆ 90 ದಿನದಲ್ಲಿ ಮನೆ ಬಿಡಿಸಿಕೊಡ್ತಾರೆ. ಕೆಳಗಿನ ಮೆಸೇಜ್ ನೋಡಿ, ಎಲ್ಲರಿಗೂ ಕಳಿಸಿ.

ವಕೀಲರು: ದಯವಿಟ್ಟು ಅದನ್ನು ಡಿಲೀಟ್ ಮಾಡಿ. ಪ್ಯಾಲೆಸ್ಟೀನಿನವರಿಗೆ ಮನೆಗೆ ಮರಳಲು ಬಿಡಬೇಕು ಅಂತ ವಿಶ್ವಸಂಸ್ಥೆ 194ನೇ ನಿರ್ಣಯ ಮಾಡಿದ್ದು 1948ರ ಡಿಸೆಂಬರ್ 11ಕ್ಕೆ. ಅವರ ಮೊಮ್ಮಕ್ಕಳೂ ಇನ್ನೂ ಕಾಯುತ್ತಿದ್ದಾರೆ. ಬೋಸ್ನಿಯಾದಲ್ಲಿ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ 7ನೇ ಅನುಬಂಧದ ಮೇಲೆ ಮನೆಗಳು ವಾಪಸ್ ಸಿಕ್ಕಿದ್ದು ನಿಜ. ಯಾಕೆ ಸಿಕ್ಕಿತು? ಅರ್ಜಿ ಪರಿಶೀಲಿಸುವ ಆಯೋಗ ಇತ್ತು, ಒಳಗಿದ್ದವರನ್ನು ಹೊರಗೆ ಹಾಕುವ ಅಧಿಕಾರಿ ಇದ್ದರು, ಹಾಕದ ಅಧಿಕಾರಿಯ ಕೆಲಸ ಹೋಗುತ್ತಿತ್ತು. ಅಫಿಡವಿಟ್‌ನಿಂದ ಅಲ್ಲ. ಮನೆ ಸಿಕ್ಕ ಮೇಲೂ ಎಷ್ಟೋ ಜನ ಅಕ್ಕಪಕ್ಕದವರಿಗೆ ಹೆದರಿ ಮಾರಿಕೊಂಡು ಹೋದರು.

ಕುಂಬಳೆಯ ಸದಸ್ಯ: ಎಲ್ಲೆಲ್ಲಿಯದೋ ಮಾತಾಡ್ತೀರಿ. 1967ರಲ್ಲಿ ಮಹಾಜನ ವರದಿ ನಮ್ಮ ಪರ ಬಂದರೂ ಕಾಸರಗೋಡು ಇನ್ನೂ ಕೇರಳದಲ್ಲೇ ಇದೆ. ನಮ್ಮ ಹಕ್ಕು ಯಾರು ಕೇಳ್ತಾರೆ?

ಹೊಸೂರಿನ ಸದಸ್ಯ: ಅಣ್ಣ, ನಿಮ್ಮ ಮನೆಯಲ್ಲಿ ನೀವೇ ಮಲಗಿದ್ದೀರಿ ಅಲ್ವಾ. ಅವರ ಮನೆಯಲ್ಲಿ ಸೈನ್ಯ ಇದೆ.

ಕುಂಬಳೆಯ ಸದಸ್ಯ: ಮಕ್ಕಳಿಗೆ ಕನ್ನಡ ಶಾಲೆ ಉಳಿಸಿಕೊಳ್ಳೋ ಕಷ್ಟ ನಿಮಗೇನು ಗೊತ್ತು. ಸುಮ್ನೆ ಬುದ್ಧಿ ಹೇಳಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ವಕೀಲರು: ಕಾಸರಗೋಡಿನ ನೋವು ನನಗೂ ಇದೆ. ಆದರೆ ಅದು ರಾಜ್ಯದ ಗಡಿಯ ವಿಚಾರ, ಇಲ್ಲಿ ಬೆರೆಸಬೇಡಿ.

ವಕೀಲರು: ತಾಳವಾಡಿಯ ತಾಯಿಗೆ. ನನ್ನ ನಿಜವಾದ ಚಿಂತೆ ನಿಮ್ಮ ಮಗಳದು. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದ್ದರೆ ಹುಟ್ಟಿನಿಂದಲೇ ಭಾರತೀಯರು. ಮಂಡಪಂ ಕ್ಯಾಂಪಿನಲ್ಲಿ 1986ರಲ್ಲಿ ಹುಟ್ಟಿದ ಒಬ್ಬರಿಗೆ 2022ರಲ್ಲಿ ಮದ್ರಾಸ್ ಹೈಕೋರ್ಟ್ ಹಾಗೇ ಹೇಳಿತು. ನಿಮ್ಮ ಯಜಮಾನರು 1991, ಆ ದಾರಿ ಇಲ್ಲ. ಅವರ ಜನನವನ್ನು ಶ್ರೀಲಂಕಾದವರಲ್ಲಿ ನೋಂದಾಯಿಸದಿದ್ದರೆ ಅವರು ಸದ್ಯಕ್ಕೆ ಯಾವ ದೇಶಕ್ಕೂ ಸೇರಿಲ್ಲ. ಅವರ ಹೆಸರನ್ನು ಡೆಪ್ಯುಟಿ ಹೈಕಮಿಷನ್‌ನಲ್ಲಿ ನೋಂದಾಯಿಸಿ. ತಡವಾಗಿದ್ದರೂ ಅನುಮತಿ ಪಡೆದು ಮಾಡಿಸಬಹುದು.

ಮಗಳು 2004ರ ನಂತರ ಹುಟ್ಟಿದವಳು. ತಾಯಿ ಭಾರತೀಯಳು, ತಂದೆ ಅಕ್ರಮ ವಲಸಿಗ ಆಗಿರಬಾರದು. ಅವಳು ಹುಟ್ಟಿನಿಂದ ಭಾರತೀಯಳಾಗಲು ಕಾಯ್ದೆ ಕೇಳುವುದು ಇಷ್ಟೇ. ಅಕ್ರಮ ವಲಸಿಗ ಅಂದರೆ ಕಾಗದ ಇಲ್ಲದೆ ದೇಶದೊಳಗೆ ಬಂದವರು, ಇಲ್ಲವೇ ಕಾಗದದ ಅವಧಿ ಮುಗಿದರೂ ಉಳಿದವರು. ನಿಮ್ಮ ಯಜಮಾನರು ಎಲ್ಲಿಂದಲೂ ಬಂದಿಲ್ಲ, ಭವಾನಿಸಾಗರದಲ್ಲೇ ಹುಟ್ಟಿದವರು. ವಾದ ಮಗಳ ಪರ ಗಟ್ಟಿಯಾಗಿದೆ. ಅಧಿಕಾರಿ ಒಪ್ಪದಿದ್ದರೆ ಕೋರ್ಟಿಗೆ ಹೋಗೋಣ. ಈಗ ಏಜೆಂಟ್ ಮಾತು ಕೇಳಿ ಅವಳನ್ನು ಶ್ರೀಲಂಕಾ ಪ್ರಜೆ ಅಂತ ಬರೆಸಿದರೆ ಆ ವಾದವನ್ನು ನೀವೇ ಕೈಯಾರೆ ಕೆಡಿಸಿದ ಹಾಗೆ. ಅವಳ ಹೆಸರು ಆ ಅರ್ಜಿಯಲ್ಲಿ ಬರಲೇಬಾರದು. ನೀವಂತೂ ಭಾರತೀಯರು. ನಿಮ್ಮ ಹೆಸರು ಅದರಲ್ಲಿ ಯಾಕೆ?

ಸತ್ಯಮಂಗಲದ ಸದಸ್ಯ: ಕೇಂದ್ರ ಸರ್ಕಾರದ 2025ರ ಸೆಪ್ಟೆಂಬರ್ ಆದೇಶದಿಂದ ಇವರಿಗೆಲ್ಲ ಪೌರತ್ವ ಸಿಕ್ಕಿತು ಅಂತ ಓದಿದೆ.

ವಕೀಲರು: ಸಿಕ್ಕಿಲ್ಲ. 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ ಕಾಗದ ಇಲ್ಲದ್ದಕ್ಕೆ ಶಿಕ್ಷೆ ಇಲ್ಲ, ಅಷ್ಟೇ. 2019ರ ಪೌರತ್ವ ತಿದ್ದುಪಡಿಯಲ್ಲೂ ಶ್ರೀಲಂಕಾ ಇಲ್ಲ. ಮತ್ತೆ, ನೀವು ಮೊದಲು ಕೇಳಿದ್ದಕ್ಕೆ: ಮರಳುವುದು ಅವರ ಹಕ್ಕು. ಅವರನ್ನು ಓಡಿಸುವ ಹಕ್ಕು ನಿಮಗೆ ಅದರಿಂದ ಬರುವುದಿಲ್ಲ.

ಹೊಸೂರಿನ ಸದಸ್ಯೆ: ಸಾರ್, ಪಕ್ಕದ ಮನೆಯವರು ಕಾಶ್ಮೀರಿ ಪಂಡಿತರು. 1990ರಲ್ಲಿ ಬಿಟ್ಟ ಮನೆಯನ್ನು ಹೆದರಿ ಕಡಿಮೆ ಬೆಲೆಗೆ ಮಾರಿದ್ದರಂತೆ.

ವಕೀಲರು: ಜಮ್ಮು ಕಾಶ್ಮೀರದ 1997ರ ಕಾಯ್ದೆ ಇದೆ. ವಲಸೆ ಹೋದವರ ಆಸ್ತಿಗೆ ಅಲ್ಲಿನ ಜಿಲ್ಲಾ ಮ್ಯಾಜಿಸ್ಟ್ರೇಟರೇ ಕಾವಲು. 2021ರಲ್ಲಿ ದೂರು ಕೊಡಲು ಪೋರ್ಟಲ್ ಮಾಡಿದ್ದಾರೆ. ಮಾರಿದ ತಾರೀಕು ಕೇಳಿ ಹೇಳಿ.

ಕೃಷ್ಣಗಿರಿಯ ಸದಸ್ಯ: ಅಜ್ಜಿಯವರು 1964ರಲ್ಲಿ ಬರ್ಮಾದಿಂದ ಬಂದರು. ರಂಗೂನಿನ ಅಂಗಡಿ ಹೋಯ್ತು. ಏನಾದರೂ ಮಾಡಬಹುದಾ?

ಉಪ್ಪಳದ ಸದಸ್ಯ: ಸಾರ್, ಕುವೈತ್ ಪರಿಹಾರದ ಫಾರ್ಮ್ ಎಲ್ಲಿ ಸಿಗುತ್ತೆ?

ವಕೀಲರು: ಮೇಲೆ ಓದಿ.

ಉಪ್ಪಳದ ಸದಸ್ಯ: ಇಷ್ಟು ಗಡಸಾಗಿ ಹೇಳಬೇಕಾ ಸಾರ್?

ತಾಳವಾಡಿಯ ಸದಸ್ಯೆ: ಸಾರ್, ಏಜೆಂಟ್ ಹತ್ತಿರ ಮಗಳ ಜನನ ಪತ್ರದ ಮೂಲ ಪ್ರತಿ ಇದೆ. ಫೋನ್ ತೆಗೀತಿಲ್ಲ.

ವಕೀಲರು: ನಾಳೆ ಬೆಳಿಗ್ಗೆಯೇ ಸ್ಟೇಷನ್ನಿಗೆ ಹೋಗಿ ದೂರು ಕೊಡಿ, ದೂರು ತೆಗೆದುಕೊಂಡದ್ದಕ್ಕೆ ಪೊಲೀಸರು ಕೊಡುವ ಸಿಎಸ್‌ಆರ್ ರಸೀದಿ ತೆಗೆದುಕೊಳ್ಳಿ. ಹುಟ್ಟು ನೋಂದಾಯಿಸಿದ ಕಚೇರಿಯಲ್ಲಿ ಇನ್ನೊಂದು ಪ್ರತಿಗೆ ಅರ್ಜಿ ಹಾಕಿ. ಮಗಳ ಹೆಸರು ಸೇರಿಸಲು ನಮ್ಮ ಒಪ್ಪಿಗೆ ಇಲ್ಲ ಅಂತ ಡೆಪ್ಯುಟಿ ಹೈಕಮಿಷನ್‌ಗೆ ಇವತ್ತೇ ಇಮೇಲ್ ಬರೆಯಿರಿ, ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ. ಕರಡು ನಾನು ಬರೆದು ಕೊಡ್ತೀನಿ. ಯಜಮಾನರನ್ನು ಕರೆದುಕೊಂಡು ಆಫೀಸಿಗೆ ಬನ್ನಿ, ಫೀಸಿನ ಮಾತು ಬೇಡ.