ಅಪ್‌ಡೇಟ್: ಗೀಸರ್ ಹಾಕಿದರೆ ಇಡೀ ಮನೆ ಕತ್ತಲು, ಕಾರಣ ಸಿಕ್ಕಿತು

ಮಹಡಿಯ ಗೀಸರ್ ಹಾಕಿದರೆ ಕೆಳಗಿನ ಮೇನ್ ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತೆ, ಯಾಕೆ ಅಂತ ಕೇಳಿದ್ದೆ ಅಲ್ವಾ? ಎರಡೂ ಆರ್‌ಸಿಸಿಬಿ ಒಂದೇ ರೇಟಿಂಗ್‌ನವು ಇರಬಹುದು ಅಂತ ನೀವು ಹೇಳಿದ್ದೇ ಸರಿ. ಮೇನೂ ಮಹಡಿಯದೂ ಎರಡೂ 30 ಮಿಲಿಆಂಪ್‌ನವು, ಅಂದರೆ ಅಷ್ಟು ಕರೆಂಟ್ ಸೋರುವಷ್ಟರಲ್ಲಿ ಬೀಳುವಂಥವು. ಕರೆಂಟ್ ಲೀಕೇಜ್ ಆದಾಗ ಯಾವುದು ಮೊದಲು ಬೀಳುತ್ತೋ ಹೇಳೋಕಾಗಲ್ಲ, ಒಮ್ಮೊಮ್ಮೆ ಎರಡೂ ಬೀಳುತ್ತವೆ.

ಮೊದಲು ಬಂದ ಎಲೆಕ್ಟ್ರಿಷಿಯನ್ ‘ಸುಮ್ನೆ ಮೇನ್ ಆರ್‌ಸಿಸಿಬಿ ತೆಗೆದುಬಿಡೋಣ ಸಾರ್’ ಅಂದರು. ಬೇಡ ಅಂದೆ. ಎರಡನೆಯವರು ಮೇನಿಗೆ 100 ಮಿಲಿಆಂಪ್‌ನ ಎಸ್ ಟೈಪ್ ಹಾಕಿದರು. ಅದು ಸ್ವಲ್ಪ ತಡೆದು ಬೀಳುತ್ತೆ, ಅಷ್ಟರಲ್ಲಿ ಮಹಡಿಯದು ಬಿದ್ದಿರುತ್ತೆ. ಆದರೆ 100 ಮಿಲಿಆಂಪ್ ಮನುಷ್ಯರನ್ನು ಕಾಯೋಕೆ ಸಾಲದು. ಹಾಗಾಗಿ ಕೆಳಮನೆಗೂ ಬೇರೆ 30ರದ್ದು ಹಾಕಿಸಿದೆ.

ಗೀಸರ್ ಬಿಚ್ಚಿದರೆ ಕಾಯಿಲ್ ಮೇಲೆ ಬೋರ್‌ವೆಲ್ ನೀರಿನ ಬಿಳಿ ಗಟ್ಟಿ ಪದರ, ಒಂದು ಕಡೆ ಕೂದಲೆಳೆಯಷ್ಟು ಬಿರುಕು, ಕರೆಂಟ್ ಸೋರುತ್ತಿದ್ದದ್ದು ಅಲ್ಲಿಂದಲೇ. ಕಾಯಿಲ್ ಬದಲಾಯಿಸಿದ ಮೇಲೆ ಒಂದೂ ಬಿದ್ದಿಲ್ಲ.