ಮಹಾಪ್ರಬಂಧದ ಪದ ಆಯ್ಕೆ: ಸಂಶೋಧಕರ ಸಂದೇಶ ಗುಂಪಿನಲ್ಲಿ ಸಂಪಾದಕಿಯೊಂದಿಗೆ ಪ್ರಶ್ನೋತ್ತರ

ಶಿಕ್ಷಣಶಾಸ್ತ್ರ ಸಂಶೋಧನಾರ್ಥಿ: ನಮಸ್ಕಾರ ಮೇಡಂ. ನನ್ನ ಸಾರಲೇಖದ ಮುಖ್ಯ ವಾಕ್ಯ ಹೀಗಿದೆ: "ಓದಿನ ಆಸಕ್ತಿಯು ಪರೀಕ್ಷೆಯ ಅಂಕಗಳನ್ನು ಗಣನೀಯವಾಗಿ ಹೆಚ್ಚಿಸುತ್ತದೆ ಎಂಬುದನ್ನು ಈ ಅಧ್ಯಯನವು ನಿಸ್ಸಂದೇಹವಾಗಿ ಸಾಬೀತುಪಡಿಸಿದೆ." 120 ವಿದ್ಯಾರ್ಥಿಗಳಿಂದ ಒಮ್ಮೆ ಪ್ರಶ್ನಾವಳಿ ತುಂಬಿಸಿಕೊಂಡಿದ್ದೇನೆ, ಆಸಕ್ತಿಯೂ ಅಂಕಗಳೂ ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು ತೋರಿಸುವ ಸಹಸಂಬಂಧ ಗುಣಾಂಕ 0.31 ಬಂದಿದೆ. ಒಂದೇ ಪದ ಮರುಕಳಿಸಬಾರದೆಂದು ಮುಂದಿನ ಅಧ್ಯಾಯಗಳಲ್ಲಿ "ಓದಿನ ಒಲವು", "ಓದಿನ ಅಭಿರುಚಿ", "ಓದಿನ ಹವ್ಯಾಸ" ಎಂದೂ ಬರೆದಿದ್ದೇನೆ. ಭಾಷೆ ಪರಿಣಾಮಕಾರಿಯಾಗಿದೆಯೇ?

ಸದಸ್ಯ 1: ಪ್ರೌಢ ಪದಗಳ ಪಟ್ಟಿ ಇದ್ದರೆ ದಯವಿಟ್ಟು ಹಾಕಿ.

ಸಂಪಾದಕಿ: ಪಟ್ಟಿ ಇಲ್ಲ.

ಶಿಕ್ಷಣಶಾಸ್ತ್ರದವರಿಗೆ: ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಪದಗಳು ದತ್ತಾಂಶವನ್ನು ಹಿಂದೆ ಬಿಟ್ಟು ಓಡಿವೆ. "ಹೆಚ್ಚಿಸುತ್ತದೆ" ಎಂಬುದು ಕಾರಣವನ್ನು ಹೇಳುವ ಕ್ರಿಯಾಪದ. ಆಸಕ್ತಿಯಿಂದ ಅಂಕ ಬಂದಿರಬಹುದು, ಅಂಕ ಬಂದ ಹುರುಪಿನಿಂದ ಆಸಕ್ತಿ ಹುಟ್ಟಿರಬಹುದು, ಮನೆಯಲ್ಲಿ ಪುಸ್ತಕಗಳಿದ್ದುದರಿಂದ ಎರಡೂ ಒಟ್ಟಿಗೆ ಬೆಳೆದಿರಬಹುದು. ಒಂದೇ ಸಲ ತುಂಬಿಸಿಕೊಂಡ ಪ್ರಶ್ನಾವಳಿಗೆ ಇವುಗಳಲ್ಲಿ ಯಾವುದು ನಿಜವೆಂದು ಹೇಳುವ ಶಕ್ತಿಯಿಲ್ಲ. 0.31ರ ವರ್ಗ ಸುಮಾರು 0.096, ಅಂದರೆ ಅಂಕಗಳ ಏರಿಳಿತದಲ್ಲಿ ಶೇ. 10ರಷ್ಟು ಮಾತ್ರ ಆಸಕ್ತಿಯ ಏರಿಳಿತದೊಂದಿಗೆ ತಾಳೆಯಾಗುತ್ತದೆ. 120 ಜನರ ಮಾದರಿಯಲ್ಲಿ ಈ ಗುಣಾಂಕ ಸಂಖ್ಯಾಶಾಸ್ತ್ರದ ಸಾರ್ಥಕತೆಯ ಪರೀಕ್ಷೆಯನ್ನು ಸಲೀಸಾಗಿ ದಾಟುತ್ತದೆ ನಿಜ. ಆದರೆ ಸಂಬಂಧವೇ ಇಲ್ಲದಿದ್ದರೆ ಇಷ್ಟು ದೊಡ್ಡ ಗುಣಾಂಕ ಅಪರೂಪಕ್ಕೆ ಬರುತ್ತಿತ್ತು ಎಂಬುದಷ್ಟೇ ಅದರ ಅರ್ಥ, ಮತ್ತು ಅದನ್ನು "ಗಣನೀಯ" ಎಂದು ಕರೆದ ಕೂಡಲೇ ಓದುಗರು ಪ್ರಮಾಣವೇ ದೊಡ್ಡದೆಂದು ತಿಳಿಯುತ್ತಾರೆ. "ನಿಸ್ಸಂದೇಹವಾಗಿ" ಎಂಬುದನ್ನು ಹೊಡೆದುಹಾಕಿ. "ಸಾಬೀತು" ಗಣಿತದವರಿಗೂ ನ್ಯಾಯಾಲಯಕ್ಕೂ ಇರಲಿ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ನಿಮ್ಮ ನಾಲ್ಕು ಪದಗಳು. ಹವ್ಯಾಸ ಎಂದರೆ ರೂಢಿ. ಆಸಕ್ತಿಯಿಲ್ಲದೆಯೂ ದಿನಾ ಓದುವವರಿದ್ದಾರೆ. ಅಭಿರುಚಿ ಎಂದರೆ ಏನನ್ನು ಆರಿಸಿ ಓದುತ್ತಾರೆ ಎಂಬ ಬೇರೆಯೇ ಪ್ರಶ್ನೆ. ನಾಲ್ಕು ಹೆಸರುಗಳಿದ್ದರೆ ನಾಲ್ಕು ಅಳತೆಗಳೆಲ್ಲಿ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿಯೇ ಕೇಳುತ್ತಾರೆ. ಅಳೆದದ್ದಕ್ಕೆ ಒಂದೇ ಹೆಸರಿಟ್ಟು ಕೊನೆಯ ಪುಟದವರೆಗೂ ಅದನ್ನೇ ಬಳಸಿ, ನೂರು ಸಲ ಬಂದರೂ ಬರಲಿ. ಅಂದ ಹಾಗೆ, ಪ್ರಶ್ನಾವಳಿಯಲ್ಲಿ ಏನೇನು ಕೇಳಿದ್ದೀರಿ?

ಸದಸ್ಯ 2: ಪ್ರತಿ ಐದನೆಯ ಪದಕ್ಕೆ ಸಮಾನಾರ್ಥಕ ಪದವನ್ನು ಹಾಕಿದರೆ ಕೃತಿಚೌರ್ಯದ ತಪಾಸಣೆಯಿಂದ ಪಾರಾಗಬಹುದೆಂಬ ಉಪಯುಕ್ತ ಸಂದೇಶ ಬಂದಿದೆ, ಎಲ್ಲರಿಗೂ ಅನುಕೂಲವಾಗಲೆಂದು ಹಂಚುತ್ತಿದ್ದೇನೆ.

ಸಂಪಾದಕಿ: ದಯವಿಟ್ಟು ಅಳಿಸಿ. 2021ರಲ್ಲಿ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಇಂತಹ ಅದಲುಬದಲಿನ ಗುರುತನ್ನೇ ಹಿಡಿದು ಪ್ರಕಟವಾಗಿದ್ದ ಲೇಖನಗಳನ್ನು ಪತ್ತೆಹಚ್ಚಿದರು; ಅವುಗಳಲ್ಲಿ "ಆರ್ಟಿಫಿಶಿಯಲ್ ಇಂಟೆಲಿಜೆನ್ಸ್" ಎಂಬುದು "ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್" ಆಗಿತ್ತು, ಕನ್ನಡದಲ್ಲಿ ಹೇಳುವುದಾದರೆ ಕೃತಕ ಬುದ್ಧಿಮತ್ತೆಯು ಖೋಟಾ ಪ್ರಜ್ಞೆಯಾಗಿತ್ತು. ಕದ್ದ ವಾಕ್ಯಕ್ಕೆ ವೇಷ ಹಾಕಿದರೂ ಅದು ಕದ್ದದ್ದೇ. ಈ ಸಂದೇಶ ಗುಂಪಿಗೆ ಬರುತ್ತಿರುವುದು ಇದು ಮೂರನೆಯ ಸಲ.

ಸದಸ್ಯ 3: "ಸಂಶೋಧಕರು" ಎಂದು ಬರೆಯಬೇಕೇ, "ನಾನು" ಎಂದು ಬರೆಯಬಹುದೇ?

ವಿಜ್ಞಾನ ಸಂಶೋಧಕ: ಮೊದಲು "ಸಹಸಂಬಂಧ ಗುಣಾಂಕ"ವನ್ನು ಬಿಡಿ. "ಕೋರಿಲೇಶನ್" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಭಾಷಾ ಉಪನ್ಯಾಸಕ: ಎಲ್ಲರಿಗೂ ಎಂದರೆ ತಮಗೆ ಮತ್ತು ತಮ್ಮ ಸಹೋದ್ಯೋಗಿಗಳಿಗೆ ಎಂದು ತಿಳಿಯಬಹುದೇ? ಬಳಸದೆ ಯಾವ ಪದವೂ ರೂಢಿಗೆ ಬಂದಿಲ್ಲ.

ವಿಜ್ಞಾನ ಸಂಶೋಧಕ: ತಾವು ಟಂಕಿಸಿದ ಪದಗಳನ್ನು ತಮ್ಮ ವಿದ್ಯಾರ್ಥಿಗಳೇ ನಿಘಂಟು ತೆರೆದು ಓದುತ್ತಾರೆ, ಸರ್. ಪ್ರೌಢಿಮೆಯ ಪ್ರದರ್ಶನಕ್ಕೂ ಸ್ಪಷ್ಟತೆಗೂ ವ್ಯತ್ಯಾಸವಿದೆ.

ಭಾಷಾ ಉಪನ್ಯಾಸಕ: ಕನ್ನಡದಲ್ಲಿ ಯೋಚಿಸಲು ಬಾರದವರಿಂದ ಸ್ಪಷ್ಟತೆಯ ಪಾಠ ನನಗೆ ಬೇಕಾಗಿಲ್ಲ.

ಸಂಪಾದಕಿ: ಇಬ್ಬರೂ ನಿಲ್ಲಿಸಿ. ಮೊದಲ ಬಳಕೆಯಲ್ಲಿ ವಿವರಿಸಿದರೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಉದ್ದನೆಯ ಪದ ಪಾಂಡಿತ್ಯವನ್ನು ತೋರಿಸುತ್ತದೆ ಎಂಬ ಭ್ರಮೆಯಂತೂ ಬೇಡ. ಒಂದೇ ವಿಷಯವನ್ನು ಅನಗತ್ಯವಾಗಿ ಕ್ಲಿಷ್ಟ ಪದಗಳಲ್ಲಿ ಬರೆದಾಗ ಓದುಗರು ಲೇಖಕರನ್ನು ಕಡಿಮೆ ಬುದ್ಧಿವಂತರೆಂದು ಅಂದಾಜಿಸಿದರೆಂದು ಮನೋವಿಜ್ಞಾನಿ ಡೇನಿಯಲ್ ಆಪನ್‌ಹೈಮರ್ 2006ರಲ್ಲೇ ಪ್ರಕಟಿಸಿದ್ದಾರೆ.

ಸದಸ್ಯ 4: "ವಿಶ್ಲೇಷಣೆಯು ಮಾಡಲ್ಪಟ್ಟಿತು" ಎಂಬುದು ಸರಿಯೇ?

ಸಂಪಾದಕಿ: "ವಿಶ್ಲೇಷಿಸಲಾಯಿತು." ಮೂರು ದಿನಗಳ ಹಿಂದೆಯೂ ಇದನ್ನೇ ಬರೆದಿದ್ದೆ.

ಶಿಕ್ಷಣಶಾಸ್ತ್ರ ಸಂಶೋಧನಾರ್ಥಿ: ಮೇಡಂ, ಪ್ರಶ್ನಾವಳಿಯನ್ನು ಈಗ ತೆಗೆದು ನೋಡಿದೆ. 20 ಪ್ರಶ್ನೆಗಳಲ್ಲಿ 14 ಪ್ರಶ್ನೆಗಳು ವಾರಕ್ಕೆ ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಓದುತ್ತೀರಿ ಎಂಬ ಬಗೆಯವು. ನೋಂದಾಯಿತ ಶೀರ್ಷಿಕೆಯಲ್ಲಿ "ಆಸಕ್ತಿ" ಎಂದಿದೆ.

ಸಂಪಾದಕಿ: ನನ್ನ ಅನುಮಾನವೂ ಅದೇ ಆಗಿತ್ತು. ನೀವು ಅಳೆದದ್ದು ಬಹುಪಾಲು ಓದಿನ ರೂಢಿಯನ್ನು. ಈ ವಾರವೇ ಮಾರ್ಗದರ್ಶಕರನ್ನು ಕಂಡು ಶೀರ್ಷಿಕೆಯ ಬದಲಾವಣೆಗೆ ಕೇಳಿಕೊಳ್ಳಿ. ಒಪ್ಪಿಗೆ ಸಿಗದಿದ್ದರೆ "ಈ ಅಧ್ಯಯನದಲ್ಲಿ ಆಸಕ್ತಿಯನ್ನು ಮುಖ್ಯವಾಗಿ ಓದಿನ ಅವಧಿಯ ಮೂಲಕ ಅಳೆಯಲಾಗಿದೆ" ಎಂದು ಮೊದಲ ಅಧ್ಯಾಯದಲ್ಲೇ ಒಪ್ಪಿಕೊಂಡು, ಅದನ್ನು ಮಿತಿಗಳ ಭಾಗದಲ್ಲಿಯೂ ಬರೆಯಿರಿ. ಹೆಸರು ಬದಲಾದರೆ ಸಾರಲೇಖದ ವಾಕ್ಯ ಇಷ್ಟೇ ಸಾಕು: "ಓದಿನ ರೂಢಿ ಮತ್ತು ಪರೀಕ್ಷೆಯ ಅಂಕಗಳ ನಡುವೆ ಸಾಧಾರಣ ಪ್ರಮಾಣದ ಧನಾತ್ಮಕ ಸಂಬಂಧ ಕಂಡುಬಂದಿದೆ."

ಶಿಕ್ಷಣಶಾಸ್ತ್ರ ಸಂಶೋಧನಾರ್ಥಿ: ಇಷ್ಟು ಸಪ್ಪೆಯಾಗಿ ಬರೆದರೆ ಮಾರ್ಗದರ್ಶಕರು ಒಪ್ಪುತ್ತಾರೆಯೇ?

ಸಂಪಾದಕಿ: 0.31 ಎಂಬ ಸಂಖ್ಯೆಯನ್ನು ಅವರಿಗೆ ತೋರಿಸಿ.

ಸದಸ್ಯ 3: "ನಾನು" ಎಂಬುದರ ಬಗ್ಗೆ ಯಾರೂ ಉತ್ತರಿಸಲಿಲ್ಲ.

ಸದಸ್ಯ 1: ಪ್ರೌಢ ಪದಗಳ ಪಟ್ಟಿ ಬೇರೆ ಯಾರ ಬಳಿಯಾದರೂ ಇದ್ದರೆ ಹಾಕಿ.