ಕಲಬುರಗಿಯಿಂದ ಕಡಲ ಓದಿಗೆ ದಾರಿ ಯಾವುದು?

ಪ್ರಶ್ನೆ (ಆಳಂದದ ಹುಡುಗಿ): ಕಲಬುರಗಿಯಲ್ಲಿ ಎರಡನೇ ಪಿಯುಸಿ, ಪಿಸಿಎಂಬಿ. ಸಮುದ್ರ ಜೀವಿಗಳ ಬಗ್ಗೆ ಓದುವ ಆಸೆ. ಅಪ್ಪ ಮಾತ್ರ "ತೊಗರಿ ನಾಡಿನವಳಿಗೆ ಸಮುದ್ರ ಯಾಕೆ?" ಅಂತಾರೆ. ಎಲ್ಲಿ ಸೇರಲಿ? ಈಜು ಬರಲೇಬೇಕಾ?

ಬೀದರ್‌ನವನು: ಮಂಗಳೂರಿನ ಮೀನುಗಾರಿಕೆ ಕಾಲೇಜನ್ನು ನಡೆಸುವ ವಿಶ್ವವಿದ್ಯಾಲಯ ಇರೋದೇ ನಮ್ಮ ಬೀದರ್‌ನಲ್ಲಿ, ಅಪ್ಪನಿಗೆ ಹೇಳಿ! ಕಾಲೇಜು 1969ರದ್ದು, ದೇಶದಲ್ಲೇ ಮೊದಲನೆಯದು. ಬಿ.ಎಫ್.ಎಸ್ಸಿ (ಮೀನುಗಾರಿಕೆ ಪದವಿ) 4 ವರ್ಷ, ಸೀಟು ಸಿಇಟಿಯಿಂದ. ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಆದರೆ ಅಲ್ಲಿ ಮೀನು ಸಾಕಣೆ, ಸಂಸ್ಕರಣೆ ಜಾಸ್ತಿ.

ನಾನು ಹಿಡಿದದ್ದು ಬೇರೆ ದಾರಿ. ಇಲ್ಲೇ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಕಾರವಾರದ ವಿಭಾಗದಲ್ಲಿ ಕಡಲ ಜೀವಶಾಸ್ತ್ರ ಎಂ.ಎಸ್ಸಿ. ದಿನಾ ಡಾಲ್ಫಿನ್ ನೋಡ್ತೀರಾ ಅಂತ ಊರಲ್ಲಿ ಕೇಳ್ತಾರೆ. ಎಲ್ಲಿಯ ಡಾಲ್ಫಿನ್! ದೋಣಿಯ ಹಿಂದೆ ತೀರಾ ಸಣ್ಣ ಕಣ್ಣಿನ ಬಲೆ ಎಳೀತೀವಿ. ತುದಿಯ ಡಬ್ಬಿಯಲ್ಲಿ ಸಿಕ್ಕಿದ್ದಕ್ಕೆ ಕೆಡದಂತೆ ಫಾರ್ಮಲಿನ್ ಹಾಕ್ತೀವಿ. ಆಮೇಲೆ ಮೈಕ್ರೋಸ್ಕೋಪ್ ಮುಂದೆ ಕೂತು ಕೋಪಿಪಾಡ್ ಎಣಿಸೋದು, ಅಂದ್ರೆ ಸಿಗಡಿ ಜಾತಿಗೆ ಹತ್ತಿರದ ಪುಟ್ಟ ಜೀವಿಗಳು. ಒಂದೆರಡು ಮಿಲಿಮೀಟರ್ ಮೈ, ಅದಕ್ಕೆ ಉದ್ದನೆ ಮೀಸೆ. ಕತ್ತು ನೋಯುತ್ತೆ, ಆದರೂ ಎದ್ದು ಬರೋಕೆ ಮನಸ್ಸಾಗಲ್ಲ. ಸೇರೋಕೆ ಈಜು ಕೇಳಲಿಲ್ಲ. ಕಲಿತರೆ ಒಳ್ಳೇದು, ಅಷ್ಟೇ.

ಯಾದಗಿರಿಯಿಂದ: ಭೌತಶಾಸ್ತ್ರ, ಗಣಿತ ಇಷ್ಟ ಆದ್ರೆ ಕೊಚ್ಚಿಯ ಕುಸಾಟ್‌ (ವಿಜ್ಞಾನ, ತಂತ್ರಜ್ಞಾನ ವಿಶ್ವವಿದ್ಯಾಲಯ) ನೋಡಿ. ಅಲೆ, ಪ್ರವಾಹ, ಮುಂಗಾರು ಎಲ್ಲ ಅಲ್ಲಿ ಓದಬಹುದು.

ಆಳಂದದ ಹುಡುಗಿ: ಬೀದರ್ ವಿಷಯ ಕೇಳಿ ಅಪ್ಪ ಸ್ವಲ್ಪ ಮೆತ್ತಗಾದರು. ಅಮ್ಮನದು ಒಂದೇ ಚಿಂತೆ: ರೊಟ್ಟಿ?

ಬೀದರ್‌ನವನು: ಖಡಕ್ ರೊಟ್ಟಿ ಒಯ್ಯಿರಿ. ಡಬ್ಬಿ ಬಿಗಿಯಾಗಿ ಮುಚ್ಚಿಡಿ, ಅಲ್ಲಿನ ಗಾಳಿಗೆ ಬೇಗ ಮೆತ್ತಗಾಗುತ್ತೆ. ಶೇಂಗಾ ಚಟ್ನಿ ಜಾಸ್ತಿ ಇರಲಿ, ರೂಮಿನವರೆಲ್ಲ ತಿಂತಾರೆ.